ವಿಮಾನದ ಮೇಷ್ಟ್ರು ಮತ್ತು ಬೂರುಗದ ದಿಂಬು

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ನಮ್ಮ ಮೇಷ್ಟ್ರಿಗೆ ಹೆಂಡತಿ ಒಣಗಹಾಕಿದ ಸೀರೆ ಸಾಕಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದು, ಹಗ್ಗದ ಮೇಲಿನ ಸೀರೆ ಎತ್ತ ಹಾರುತ್ತಿದೆ ಎಂದು ನೋಡಿ, ಇವತ್ತು ಪಶ್ಚಿಮದಿಂದ, ಗಂಟೆಗೆ ಎಂಟು ಮೈಲಿ ಇರಬಹುದು ಎನ್ನುತ್ತಿದ್ದರು. ಸೀರೆ ಒದ್ದೆಯಿದ್ದರೆ ಲೆಕ್ಕಕ್ಕೆ ಇನ್ನೆರಡು ಮೈಲಿ ಸೇರಿಸುತ್ತಿದ್ದರು. ಅಡುಗೆಮನೆಯಿಂದ ಅವರ ಹೆಂಡತಿ, ನಮಗೆಲ್ಲ ಅಮ್ಮನವರು, "ಸೀರೆ ಒಣಗಿದ್ಯಾ ಇಲ್ವಾ, ಅಷ್ಟು ಹೇಳಿ ಸಾಕು" ಎನ್ನುತ್ತಿದ್ದರು. ಅದು ಮಾತ್ರ ಮೇಷ್ಟ್ರಿಗೆ ಎಂದೂ ತಿಳಿಯುತ್ತಿರಲಿಲ್ಲ.

ಇದು ಐವತ್ತರ ದಶಕದ ಕೊನೆಯ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ರಸ್ತೆಗಳೇ ಹೆಚ್ಚು. ಮೇಷ್ಟ್ರ ಮನೆಯ ಹಿಂದೆ ನಾಲ್ಕಾರು ಖಾಲಿ ಸೈಟು, ಅದರಾಚೆ ರಾಗಿ ಹೊಲ, ಹೊಲದಾಚೆ ಸಾರಕ್ಕಿ ಕಡೆಯ ಇಟ್ಟಿಗೆ ಗೂಡುಗಳ ಹೊಗೆ. ಸೀರೆ ಇಲ್ಲದ ದಿನ ಆ ಹೊಗೆ ನೋಡಿ ಗಾಳಿ ಹೇಳುತ್ತಿದ್ದರು. ವಿಮಾನ ಹಾರಿಸಲು ಕಲಿಸುವ ಮೈದಾನ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಬೆಳಗಿನ ಮೊದಲ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹತ್ತಿ, ಇಳಿದ ಮೇಲೆ ಮುಕ್ಕಾಲು ಮೈಲಿ ನಡೆದು ಅವರು ಕೆಲಸಕ್ಕೆ ಹೋಗುತ್ತಿದ್ದರು. ಕೈಚೀಲದಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು ಬಸ್ಸಿನ ಕಂಬಿ ಹಿಡಿದು ನಿಂತ ಈ ಮನುಷ್ಯ ಇನ್ನೊಂದು ಗಂಟೆಯಲ್ಲಿ ಆಕಾಶದಲ್ಲಿರುತ್ತಾನೆ ಎಂದು ಹೇಳಿದರೆ ಕಂಡಕ್ಟರು ನಗುತ್ತಿದ್ದ. ಅವರೂ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಮೈದಾನದಲ್ಲಿ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಕರೆದರೆ ಅವರು ತಿರುಗುತ್ತಿರಲಿಲ್ಲ. ಇನ್ಯಾರನ್ನೋ ಕರೆದರು ಎಂದುಕೊಳ್ಳುತ್ತಿದ್ದರು. ಹಾರುವುದನ್ನು ಕಲಿಯುವ ಮೊದಲು ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹಾಗಾಗಿ ಜಯನಗರದ ಬೀದಿಯಲ್ಲಿ ಅವರು ವಿಮಾನದ ಮೇಷ್ಟ್ರು. ನಾನೂ ಹಾಗೇ ಕರೆದೆ. ಅದಕ್ಕೆ ಅವರು ಕೂಡಲೇ ತಿರುಗಿದರು.

ನಾನು ವಿಲ್ಸನ್ ಗಾರ್ಡನ್ನಿನವನು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ವಿಮಾನ ಕಲಿಯಲು ಆಯ್ಕೆಯಾದ ಎಂಟು ಹುಡುಗರಲ್ಲಿ ನಾನೊಬ್ಬ, ಮತ್ತು ಆ ಎಂಟರಲ್ಲಿ ಅತಿ ಕುಳ್ಳ. ಐದಡಿ ಎರಡಂಗುಲ. ಕೇಳಿದವರಿಗೆ ಐದಡಿ ಮೂರು ಎನ್ನುತ್ತಿದ್ದೆ. ಮೇಷ್ಟ್ರು ನಿಜವಾಗಿಯೂ ಐದಡಿ ಮೂರಿದ್ದರು. ನನ್ನ ಪಕ್ಕ ನಿಂತಾಗ ಆ ಒಂದಂಗುಲದ ಬಗ್ಗೆ ಅವರಿಗೆ ಸಣ್ಣ ಹೆಮ್ಮೆ ಇತ್ತು ಎಂದು ನನ್ನ ಅನುಮಾನ.

ನಾವು ಕಲಿಯುತ್ತಿದ್ದ ವಿಮಾನ ಬಲು ಪುಟ್ಟದು. ಒಂದರ ಹಿಂದೊಂದು ಎರಡು ಸೀಟು, ಮೇಲೆ ಮುಚ್ಚಿಗೆಯಿಲ್ಲ, ಬಾಲದಡಿ ಒಂದು ಸಣ್ಣ ಚಕ್ರ. ಹಾಗಾಗಿ ನೆಲದ ಮೇಲೆ ಅದು ಮೂಗನ್ನು ಮೇಲೆತ್ತಿಕೊಂಡೇ ನಿಂತಿರುತ್ತಿತ್ತು. ಯಾವ ಸೀಟಿನಲ್ಲಿ ಕೂತವನಿಗೂ ಆ ಮೂಗಿನ ಆಚೆ ಏನಿದೆ ಎಂದು ಕಾಣಬೇಕಾದರೆ ಎತ್ತರವಾದರೂ ಇರಬೇಕು, ದಿಂಬಾದರೂ ಇರಬೇಕು. ಮೇಷ್ಟ್ರ ಬಳಿ ದಿಂಬಿತ್ತು. ನೀಲಿ ಚೌಕಳಿಯ ಹಳೇ ಸೀರೆಯ ತುಂಡಿಗೆ ಬೂರುಗದ ಹತ್ತಿ ತುಂಬಿ ಅಮ್ಮನವರು ಹೊಲಿದದ್ದು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರ ಎದುರು ಮೈದಾನವಿಡೀ ಅಡ್ಡಾಡುತ್ತಿದ್ದರು. ಯಾರಾದರೂ ನಕ್ಕರೆ ತಾವೂ ಜೊತೆಗೆ ನಗುತ್ತಿದ್ದರು.

ಮೊದಲ ವಾರವೇ ನನ್ನ ಅವಸ್ಥೆ ನೋಡಿ ಮನೆಗೆ ಕರೆದರು. ಅಮ್ಮನವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಳತೆಪಟ್ಟಿಯನ್ನೂ ಹಿಡಿಯದೆ, "ಇವನಿಗೆ ನಿಮ್ಮದಕ್ಕಿಂತ ಎರಡು ಬೆರಳು ಜಾಸ್ತಿ ಬೇಕು" ಎಂದರು. ಮುಂದಿನ ಸೋಮವಾರ ಅದೇ ಸೀರೆಯ ಉಳಿದ ತುಂಡಿನಲ್ಲಿ ನನಗೂ ಒಂದು ದಿಂಬು ಬಂತು. ಅದರ ಮೇಲೆ ಕೂತ ದಿನ ವಿಮಾನದ ಮೂಗಿನಾಚೆ ಹಸಿರು ಹುಲ್ಲು ಕಂಡಿತು. ಅಲ್ಲಿಯವರೆಗೆ ನಾನು ಬರೀ ಆಕಾಶ ನೋಡಿಕೊಂಡು ಇಳಿಯುತ್ತಿದ್ದೆ.

ಇಳಿಯುವುದನ್ನು ಮೇಷ್ಟ್ರು ಕಲಿಸುತ್ತಿದ್ದದ್ದು ವಿಮಾನದಲ್ಲಿ ಅಲ್ಲ, ತಮ್ಮ ಮನೆಯ ತಾರಸಿಯ ಮೆಟ್ಟಿಲಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಮೇಲೆ ಹತ್ತಿಸಿ, ಕಾಲನ್ನು ನೋಡದೆ ದೂರದ ಇಟ್ಟಿಗೆ ಗೂಡಿನ ಹೊಗೆ ನೋಡುತ್ತಾ ಇಳಿ ಎನ್ನುತ್ತಿದ್ದರು. "ನೆಲ ನೋಡಬೇಡ. ದೂರ ನೋಡು. ನೆಲ ಎಷ್ಟು ಹತ್ತಿರ ಬಂತು ಅನ್ನೋದು ತಾನೇ ಗೊತ್ತಾಗುತ್ತೆ." ಎರಡು ಸಲ ಮುಗ್ಗರಿಸಿ ಬಿದ್ದೆ. ಎದುರು ಮನೆಯ ಹೆಂಗಸರು ಕಾಂಪೌಂಡಿಗೆ ಒರಗಿ ನೋಡುತ್ತಿದ್ದರು. ಮೂರನೇ ವಾರದ ಹೊತ್ತಿಗೆ ಹದಿನಾಲ್ಕು ಮೆಟ್ಟಿಲನ್ನೂ ಹೊಗೆ ನೋಡುತ್ತಲೇ ಇಳಿಯುತ್ತಿದ್ದೆ, ಕೊನೆಯ ಮೆಟ್ಟಿಲಲ್ಲಿ ಪಾದ ತಾನೇ ಮೆಲ್ಲಗೆ ಊರುತ್ತಿತ್ತು. ಮೈದಾನದಲ್ಲೂ ಚಕ್ರ ಹಾಗೇ ಊರತೊಡಗಿತು.

ಅವರ ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಾನು ಕೆಟ್ಟದ್ದು ಅದರಿಂದಲೇ. ಶಿಷ್ಯ ಕೆಟ್ಟದಾಗಿ ಇಳಿಸಿದರೆ ಉಳಿದ ಶಿಕ್ಷಕರು ಅಲ್ಲೇ ಕೂಗಾಡುತ್ತಿದ್ದರು. ಮೇಷ್ಟ್ರು ತುಟಿ ಬಿಚ್ಚುತ್ತಿರಲಿಲ್ಲ. ವಿಮಾನದಿಂದ ಇಳಿದು ಮೈದಾನದ ಅಂಚಿನ ಹುಣಸೇಮರದ ಕೆಳಗೆ ಹೋಗಿ ಕೂರುತ್ತಿದ್ದರು. ಏನು ತಪ್ಪಾಯಿತು ಎಂದು ಶಿಷ್ಯನೇ ಯೋಚಿಸಿ ಅಲ್ಲಿಗೆ ಹೋಗಿ ಹೇಳಬೇಕು. ತಪ್ಪು ಉತ್ತರ ಕೊಟ್ಟರೆ, ಇನ್ನೊಂದು ಸಲ ಯೋಚಿಸು ಎಂದು ವಾಪಸು ಕಳಿಸುತ್ತಿದ್ದರು. ಸರಿಯಾಗಿ ಹೇಳಿದರೆ ಜೇಬಿಗೆ ಕೈಹಾಕಿ ಒಂದು ಹಿಡಿ ಹುರಿದ ಕಡಲೆಕಾಯಿ ತೆಗೆದು ಅವನ ಕೈಗೆ ಸುರಿಯುತ್ತಿದ್ದರು. ಅಲ್ಲಿಗೆ ಆ ತಪ್ಪಿನ ಮಾತು ಮುಗಿಯಿತು, ಮತ್ತೆಂದೂ ಎತ್ತುತ್ತಿರಲಿಲ್ಲ. ನನ್ನ ಜೊತೆಗಾರನೊಬ್ಬ ಒಂದು ತಪ್ಪು ಹೇಳಲು ಎರಡು ದಿನ ತೆಗೆದುಕೊಂಡ. ಎರಡು ದಿನವೂ ಮೇಷ್ಟ್ರು ಅವನೊಂದಿಗೆ ಮಳೆ, ಬಸ್ಸು, ತರಕಾರಿ ಎಲ್ಲದರ ಬಗ್ಗೆ ಮಾತಾಡಿದರು, ಅದೊಂದನ್ನು ಬಿಟ್ಟು.

ಒಮ್ಮೆ ನಾನೇ ಕೇಳಿದ್ದೆ, ನೀವೇ ಹೇಳಿಬಿಟ್ಟರೆ ಹೊತ್ತು ಉಳಿಯುತ್ತದಲ್ಲ ಸಾರ್ ಎಂದು. ಕಡಲೆಕಾಯಿ ಸಿಪ್ಪೆ ಬಿಡಿಸುತ್ತಾ ಹೇಳಿದರು: "ನಾನು ಹೇಳಿದ್ರೆ ನಿನಗೆ ಬೈಸಿಕೊಂಡಿದ್ದು ನೆನಪಿರುತ್ತೆ. ನೀನೇ ಹೇಳಿದ್ರೆ ತಪ್ಪು ನೆನಪಿರುತ್ತೆ. ಎಷ್ಟು ದಿನ ಬೇಕಾದ್ರೂ ತಗೋ, ನಾನೇನೂ ಎಲ್ಲೂ ಹೋಗಲ್ಲ."

ಕಲಿಯಲು ಶುರುಮಾಡಿ ಎರಡು ತಿಂಗಳ ಮೇಲೆ ನನ್ನ ಸರದಿ ಬಂತು. ಶಿಕ್ಷಕರಿಲ್ಲದೆ ಮೊದಲ ಸಲ ಒಬ್ಬನೇ ಏರಿ, ಮೈದಾನಕ್ಕೆ ಒಂದು ಸುತ್ತು ಹಾಕಿ ಇಳಿಯುವುದು. ಆ ದಿನದ್ದೊಂದು ರೂಢಿಯಿತ್ತು: ಹೊರಡುವ ಮುಂಚೆ ಹುಡುಗ ವಿಮಾನದಲ್ಲಿ ಕೂತ ಫೋಟೋ ತೆಗೆಯುವುದು. ಎಲ್ಲರ ಮನೆಯಲ್ಲೂ ಆ ಫೋಟೋ ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆ ಏರುತ್ತಿತ್ತು. ನನ್ನ ತಾಯಿ ಒಂದು ವಾರ ಮೊದಲೇ ಗೋಡೆಗೆ ಮೊಳೆ ಹೊಡೆಸಿದ್ದಳು.

ಆ ಬೆಳಿಗ್ಗೆ ಮೇಷ್ಟ್ರು ನನ್ನ ದಿಂಬನ್ನು ಕೈಚೀಲದಲ್ಲಿ ತಂದರು. ಹತ್ತಿ ಕುಗ್ಗಿಹೋಗಿದೆ ಎಂದು ಅಮ್ಮನವರು ಹಿಂದಿನ ದಿನ ತರಿಸಿಕೊಂಡು, ಬಿಚ್ಚಿ, ಹೊಸ ಹತ್ತಿ ತುಂಬಿದ್ದರು. ಅದರ ಮೇಲೆ ಕೂತು ಮೇಷ್ಟ್ರ ಜೊತೆ ಎರಡು ಸುತ್ತು ಹಾಕಿದೆ. ಎರಡು ಸಲವೂ ಚೆನ್ನಾಗಿ ಇಳಿಸಿದೆ. ಅವರು ಕೆಳಗಿಳಿದು ಹೇಳಿದರು: "ಪೆಟ್ರೋಲ್ ಹಾಕಿಸ್ಕೊಂಡು ನೀನೊಬ್ಬನೇ ಹೊರಡು. ಇನ್ನು ನಾನು ಏನೂ ನೋಡಲ್ಲ, ಎಲ್ಲಾ ನೀನೇ ನೋಡ್ಕೋ." ಮೊದಲ ಸಲ ಒಬ್ಬನೇ ಹಾರುವವನ ಬೆಲ್ಟನ್ನೂ ಅವರು ಮುಟ್ಟಿ ನೋಡುತ್ತಿರಲಿಲ್ಲ. ಅದೂ ಅವರ ಪದ್ಧತಿಯೇ. ಹೇಳಿ ಹುಣಸೇಮರದ ಕಡೆ ನಡೆದುಹೋದರು.

ಪೆಟ್ರೋಲ್ ಹಾಕುವಷ್ಟು ಹೊತ್ತು ನಾನು ದಿಂಬನ್ನು ಶೆಡ್ಡಿಗೆ ತಂದು, ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಹುಡುಗರೆಲ್ಲ ಸುತ್ತ ಸೇರಿದ್ದರು. ನಮ್ಮಲ್ಲೊಬ್ಬ ಆರಡಿ ಆಸಾಮಿಯಿದ್ದ, ನನ್ನ ಒಳ್ಳೇ ಸ್ನೇಹಿತನೇ. ಡಬ್ಬಿ ಕ್ಯಾಮರಾ ಇದ್ದದ್ದು ಅವನ ಬಳಿ. ಅವನು ಕ್ಯಾಮರಾ ಒರೆಸುತ್ತಾ, "ದಿಂಬೂ ಫೋಟೋದಲ್ಲಿ ಬರ್ಲಿ ಮಗಾ, ಮನೇಲಿ ತೊಟ್ಟಿಲ ಪಕ್ಕ ತೂಗ್ಹಾಕ್ತಾರೆ" ಎಂದ. ಎಲ್ಲರೂ ನಕ್ಕರು. ಅಂಥ ಮಾತು ದಿನಾ ಕೇಳಿದ್ದೆ. ಅವತ್ತು ಮಾತ್ರ ಗೋಡೆಯ ಮೇಲಿನ ಮೊಳೆ ಕಣ್ಣ ಮುಂದೆ ಬಂತು. ಆ ಫೋಟೋದ ಕೆಳಗೆ ನಿಂತು ನೆಂಟರೆಲ್ಲ, ಇದೇನು ಅಡಿಯಲ್ಲಿ ದಿಂಬು ಎಂದು ಕೇಳುವುದೂ ಕಿವಿಗೆ ಬಿದ್ದಂತಾಯಿತು. ಲೋಟ ಕೆಳಗಿಟ್ಟು, ದಿಂಬನ್ನು ಬೆಂಚಿನ ಕೆಳಗೆ ಕಾಲಿನಿಂದ ತಳ್ಳಿ, ಬರಿಗೈಯಲ್ಲಿ ಎದೆಯುಬ್ಬಿಸಿಕೊಂಡು ಹೋಗಿ ವಿಮಾನ ಹತ್ತಿದೆ.

ಸೀಟಿನಲ್ಲಿ ಕೂತ ಮೇಲೆ ದಿಂಬು ಯಾರಿಗೂ ಕಾಣುತ್ತಲೇ ಇರಲಿಲ್ಲ, ವಿಮಾನದ ಪಕ್ಕೆಯೇ ಅದನ್ನು ಮರೆಮಾಡುತ್ತಿತ್ತು. ಇಷ್ಟು ಸಣ್ಣ ವಿಷಯವೂ ಆಗ ತಲೆಗೆ ಹೊಳೆಯಲಿಲ್ಲ. ಸ್ನೇಹಿತ ಕ್ಯಾಮರಾ ಕ್ಲಿಕ್ಕಿಸಿದ. ನಾನು ಹಲ್ಲು ಕಿರಿದೆ. ಆ ಹಲ್ಲೂ ಫೋಟೋದಲ್ಲಿ ಬರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಏರುವುದೇನೋ ಸುಲಭವಾಗಿ ಏರಿದೆ. ಮೇಲೆ ಹೋದಮೇಲೆ ಎಲ್ಲ ಸರಿಯಾಗಿಯೇ ಇತ್ತು. ಆಕಾಶದಲ್ಲಿ ಕುಳ್ಳನಿಗೂ ಉದ್ದನೆಯವನಿಗೂ ವ್ಯತ್ಯಾಸವಿಲ್ಲ. ಸುತ್ತು ಹಾಕಿ ಮೈದಾನದ ಕಡೆ ತಿರುಗಿ ಇಳಿಯತೊಡಗಿದಾಗ ಮೂಗಿನಾಚೆ ಇರಬೇಕಾದ ಹುಲ್ಲು ಕಾಣಲಿಲ್ಲ. ಕತ್ತು ಉದ್ದ ಮಾಡಿದೆ, ಕಾಣಲಿಲ್ಲ. ದೂರ ನೋಡು ಎಂದಿದ್ದರು ಮೇಷ್ಟ್ರು. ನೋಡಲು ದೂರವೇ ಇರಲಿಲ್ಲ. ಗಾಬರಿಯಲ್ಲಿ ಪಕ್ಕಕ್ಕೆ ಬಗ್ಗಿ ನೆಲ ನೋಡಿದೆ. ಅದು ಆಗಲೇ ಮೈಗೆ ತಾಗಿದಂತೆ ಅನಿಸಿ, ವಿಮಾನವನ್ನು ಏರಿಸಿ ಇಳಿಸುವ ಕೋಲನ್ನು ಹೊಟ್ಟೆಗೆ ಎಳೆದುಕೊಂಡೆ. ನೆಲ ಇನ್ನೂ ಎರಡಾಳು ಕೆಳಗಿತ್ತು. ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು, ಅಲ್ಲಿಂದಲೇ ಕುಸಿಯಿತು. ಒಂದು ಚಕ್ರ ಮೊದಲು ಬಡಿದು ಪುಟಿಯಿತು. ಹೆದರಿ ಕೋಲನ್ನು ಮುಂದಕ್ಕೆ ನೂಕಿದೆ, ಅದು ಎರಡನೇ ತಪ್ಪು. ಮುಂದಿನ ಫ್ಯಾನು ನೆಲ ಕಚ್ಚಿ ಚೂರುಚೂರಾಯಿತು, ಚಕ್ರದ ಕಾಲು ಮುರಿಯಿತು, ರೆಕ್ಕೆಯ ತುದಿ ಹುಲ್ಲನ್ನು ಉತ್ತುಕೊಂಡು ಹೋಗಿ ನಿಂತಿತು.

ನನಗೆ ಆದದ್ದು ತುಟಿ ಸೀಳಿದ್ದಷ್ಟೇ. ಎಲ್ಲರಿಗಿಂತ ಮೊದಲು ಓಡಿ ಬಂದವರು ಮೇಷ್ಟ್ರು. ಐವತ್ತರ ಹತ್ತಿರದ ಮನುಷ್ಯ ಹುಣಸೇಮರದಿಂದ ಅಷ್ಟು ದೂರ ಓಡಿದ್ದರು. ನನ್ನ ಕಂಕುಳಿಗೆ ಕೈಹಾಕಿ ಎತ್ತಿ ಹೊರಗೆಳೆದರು. ಕೈ, ಕಾಲು, ಕತ್ತು ಮುಟ್ಟಿ ನೋಡಿದರು. ಆಮೇಲೆ ವಿಮಾನದೊಳಗೆ ನೋಡಿದರು. ಬರೀ ತಗಡಿನ ಸೀಟು. ಒಂದು ಗಳಿಗೆ ಅದನ್ನೇ ನೋಡಿದರು. ತಿರುಗಿ, "ಬಾ, ತುಟಿಗೆ ಹತ್ತಿ ಇಟ್ಕೊಳ್ಳೋಣ" ಎಂದರು, ಅಷ್ಟೇ.

ಅವರಿಗೆ ಗೊತ್ತು ಎನ್ನುವುದು ನನಗೆ ಆ ಕ್ಷಣವೇ ಗೊತ್ತಾಯಿತು. ನಾನು ಬಾಯಿ ಬಿಡಲಿ ಎಂದು ಅವರು ಕಾಯುತ್ತಾರೆ ಎನ್ನುವುದೂ.

ಮಾರನೆಯ ಸಂಜೆ ನಮ್ಮ ಮನೆಗೆ ಬಂದರು. ಬಾಳೆಹಣ್ಣು ತಂದಿದ್ದರು. ಅಪ್ಪನ ಜೊತೆ ಅದೂ ಇದೂ ಮಾತಾಡಿದರು. ನಿಮ್ಮ ಹುಡುಗನ ಕೈ ಒಳ್ಳೆಯದು, ಕಲಿಯುತ್ತಾನೆ ಎಂದರು. ವಿದ್ಯಾರ್ಥಿವೇತನ ಕಿತ್ತುಕೊಳ್ಳುತ್ತಾರೇನೋ ಎಂದು ಅಪ್ಪ ಹಿಂದಿನ ರಾತ್ರಿಯಿಂದ ಊಟ ಬಿಟ್ಟಿದ್ದರು. ನಾನು ತುಟಿಯ ನೋವೆಂದು ನೆವ ಹೇಳಿ ತಲೆ ತಗ್ಗಿಸಿ ಕೂತಿದ್ದೆ. ಹೊರಟಾಗ ಗೇಟಿನವರೆಗೆ ಹೋದೆ. ಅಂಗಿಯ ಜೇಬು ಕಡಲೆಕಾಯಿಯಿಂದ ಉಬ್ಬಿತ್ತು. ಅದರ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಬರೋ ಬುಧವಾರ ವಿಚಾರಣೆ. ಅದಕ್ಕೆ ಮುಂಚೆ ಏನಾದ್ರೂ ಹೇಳೋದಿದ್ರೆ ಬಾ. ಮನೇಲೇ ಇರ್ತೀನಿ."

ವಿಲ್ಸನ್ ಗಾರ್ಡನ್ನಿನಿಂದ ಅವರ ಮನೆ ನಡೆದರೆ ಅರ್ಧ ಗಂಟೆಯ ದಾರಿ. ನಾಲ್ಕು ದಿನ ಇತ್ತು. ಮೂರನೇ ದಿನ ಲಾಲ್‌ಬಾಗಿನ ತನಕ ಹೋದೆ. ಅಲ್ಲಿ ಬೆಂಚಿನ ಮೇಲೆ ಕೂತು, ನಾನು ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಫೋಟೋದ ಶೋಕಿಗಾಗಿ ವಿಮಾನ ಮುರಿದ ಹುಡುಗನನ್ನು ಮನೆಗೆ ಕಳಿಸುತ್ತಾರೆ. ಹೇಳದಿದ್ದರೆ, ಹೊಸಬ, ಅನುಭವ ಸಾಲದು ಎಂದು ಬಿಡುತ್ತಾರೆ. ಮೇಷ್ಟ್ರಿಗೆ ಏನಾಗುತ್ತದೆ ಎನ್ನುವ ಲೆಕ್ಕವನ್ನು ಹಾಕಲೇ ಇಲ್ಲ. ಹಾಕಲಿಲ್ಲ ಎನ್ನುವುದು ಸುಳ್ಳು; ಹಾಕಲು ಹೊರಟು ಎದ್ದು ಮನೆಗೆ ಬಂದೆ.

ವಿಚಾರಣೆಗೆ ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದಿದ್ದರು. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅಭ್ಯಾಸದ ಹಾರಾಟಕ್ಕೂ ಅಪಘಾತದ ಹಾರಾಟಕ್ಕೂ ವಿಮಾನದಲ್ಲಾಗಲಿ, ನೀನು ಕೂತ ರೀತಿಯಲ್ಲಾಗಲಿ ಏನಾದರೂ ವ್ಯತ್ಯಾಸವಿತ್ತೇ ಎಂದು ಅವರಲ್ಲಿ ಹಿರಿಯರು ಕೇಳಿದರು. ಮೇಷ್ಟ್ರು ಕಿಟಕಿಯ ಪಕ್ಕ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಹೊರಗೆ ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ್ದ ಗಾಳಿಚೀಲ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಏನೂ ವ್ಯತ್ಯಾಸವಿರಲಿಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಬಹಳ ಸಲೀಸಾಗಿ ಬಂತು. ನಾನು ಅವತ್ತಿನವರೆಗೆ ಆಡಿದ ಅತ್ಯುತ್ತಮ ಇಂಗ್ಲಿಷ್ ವಾಕ್ಯ ಅದು.

ಹಾರುವ ಮೊದಲು ಶಿಷ್ಯನನ್ನು ನೀವು ಏಕೆ ಪರೀಕ್ಷಿಸಲಿಲ್ಲ ಎಂದು ಮೇಷ್ಟ್ರನ್ನು ಕೇಳಿದರು. ಅದು ತಮ್ಮ ಪದ್ಧತಿ ಎಂದರು. ಈ ಪದ್ಧತಿ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಎಂದರು. ಹುಡುಗ ಒಬ್ಬನೇ ಹಾರಲು ತಯಾರಾಗಿದ್ದನೇ ಎಂದು ಕೇಳಿದ್ದಕ್ಕೆ, ತಯಾರಾಗಿದ್ದ, ಬಿಟ್ಟವನು ನಾನು ಎಂದರು. ಸೀಟಿನ ಮಾತು ಅವರ ಬಾಯಲ್ಲಿ ಬರಲಿಲ್ಲ. ಅದನ್ನು ಹೇಳಬೇಕಾದವನು ಮೂರಡಿ ದೂರದಲ್ಲಿ ಕೈಕಟ್ಟಿ ನಿಂತಿದ್ದ.

ಶಿಷ್ಯನನ್ನು ಅವಸರದಿಂದ, ಸರಿಯಾಗಿ ಪರೀಕ್ಷಿಸದೆ ಬಿಟ್ಟದ್ದೇ ಕಾರಣ ಎಂದು ತೀರ್ಮಾನವಾಯಿತು. ನನ್ನ ವಿದ್ಯಾರ್ಥಿವೇತನ ಉಳಿಯಿತು. ಮೇಷ್ಟ್ರು ಇನ್ನು ಮುಂದೆ ಕಲಿಸಕೂಡದು, ಸ್ಟೋರಿನ ಉಸ್ತುವಾರಿ ನೋಡಿಕೊಳ್ಳಲಿ ಎಂದು ಬರೆದರು. ಕಲಿಸುವುದು ಬಿಟ್ಟು ಆ ಮನುಷ್ಯನಿಗೆ ಜೀವನದಲ್ಲಿ ಬೇರೆ ಆಸೆಯೇ ಇರಲಿಲ್ಲ. ಟೈರು, ತಗಡಿನ ಡಬ್ಬ, ಹಗ್ಗದ ಸುರುಳಿಗಳ ನಡುವೆ ಒಂದು ಸ್ಟೂಲಿನ ಮೇಲೆ ಅವರು ಕೂತಿರುತ್ತಿದ್ದರು. ಮೈದಾನದಲ್ಲಿ ವಿಮಾನ ಇಳಿಯುವ ಸದ್ದಾದರೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋಗುತ್ತಿದ್ದರು.

ಮುಂದಿನದನ್ನು ಬರೆಯಲು ಇನ್ನೂ ನಾಚಿಕೆಯಾಗುತ್ತದೆ. ಹದಿನೈದು ದಿನದ ಮೇಲೆ ಹೊಸ ಶಿಕ್ಷಕರ ಜೊತೆ ಮತ್ತೆ ಹಾರಲು ಹೋದಾಗ ನಾನು ಒಂದು ದಿಂಬು ತೆಗೆದುಕೊಂಡು ಹೋದೆ. ಅಮ್ಮನವರು ಹೊಲಿದದ್ದಲ್ಲ, ಅದನ್ನು ಬೆಂಚಿನ ಕೆಳಗಿನಿಂದ ಮೇಷ್ಟ್ರು ಮನೆಗೆ ಕೊಂಡೊಯ್ದಿದ್ದರು. ಮಾರ್ಕೆಟ್ಟಿನಲ್ಲಿ ಹೊಸದು ಕೊಂಡಿದ್ದೆ. ಯಾರೂ ನಗಲಿಲ್ಲ. ಆರಡಿ ಸ್ನೇಹಿತ ನನ್ನನ್ನು ಪಕ್ಕಕ್ಕೆ ಕರೆದು ಒಂದು ಲಕೋಟೆ ಕೊಟ್ಟ. "ನಾನೇನೂ ನೋಡಿಲ್ಲ, ನಂಗೇನೂ ಗೊತ್ತಿಲ್ಲ ಬಿಡು" ಎಂದ. ಒಳಗೆ ಆ ಫೋಟೋ ಇತ್ತು. ವಿಮಾನದ ಪಕ್ಕೆಯ ಮೇಲೆ ಒಂದು ಹಣೆ, ಎರಡು ಹುಬ್ಬು. ಅದರ ಕೆಳಗೆ ನಾನಿರಲಿಲ್ಲ. ನನ್ನ ತಾಯಿಗೆ, ಫೋಟೋ ಸರಿಯಾಗಿ ಬಂದಿಲ್ಲ ಎಂದು ಹೇಳಿದೆ. ಆ ಮೊಳೆಗೆ ಅವಳು ಕ್ಯಾಲೆಂಡರ್ ತೂಗುಹಾಕಿದಳು.

ಪೈಲಟ್ ಆದೆನೇ ಎಂದರೆ ಅದೂ ಇಲ್ಲ. ಸಣ್ಣ ವಿಮಾನ ಹಾರಿಸುವ ಪರವಾನಗಿ ಸಿಕ್ಕಿತು, ಕೆಲಸ ಸಿಗಲಿಲ್ಲ. ವಿಮಾ ಕಚೇರಿಯೊಂದರಲ್ಲಿ ಸೇರಿದೆ. ಜನರ ಅಪಘಾತದ ಅರ್ಜಿಗಳನ್ನು ಓದಿ, ಇದರಲ್ಲಿ ಸುಳ್ಳೆಷ್ಟು ಎಂದು ಕಂಡುಹಿಡಿಯುವುದು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿಗ ಎಂದು ಹೆಸರಾಯಿತು.

ಎರಡು ವರ್ಷದಲ್ಲಿ ಮೇಷ್ಟ್ರು ಸ್ಟೋರಿನ ಕೆಲಸ ಬಿಟ್ಟು, ಮನೆಯ ನಡುಮನೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದರು ಎಂದು ತಿಳಿಯಿತು. ಜಯನಗರ ಮನೆಗಳಿಂದ ತುಂಬುತ್ತಿತ್ತು, ಮಕ್ಕಳಿಗೇನೂ ಕೊರತೆಯಿರಲಿಲ್ಲ. ನಾನು ಆ ಬೀದಿಗೆ ಹೋಗುವ ಕೆಲಸ ಬಂದರೆ ಸುತ್ತು ಬಳಸಿ ಹೋಗುತ್ತಿದ್ದೆ. ಒಮ್ಮೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೇ ಬಂದು ಕೂತರು. ಮದುವೆಯಾಯಿತಂತೆ, ಸಂತೋಷ ಎಂದರು. ಅಪ್ಪನ ಆರೋಗ್ಯ ಕೇಳಿದರು. ಆಮೇಲೆ ಸುಮ್ಮನಾಗಿ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಆ ಮೌನ ನನಗೆ ಗೊತ್ತಿದ್ದದ್ದೇ. ನಾನು ಎರಡು ಸ್ಟಾಪು ಮುಂಚೆಯೇ ಇಳಿದೆ. ಬಸ್ಸು ಹೊರಟಾಗ ಅವರು ಕಿಟಕಿಯಿಂದ ಕೈಬೀಸಿದರು, ಯಾವ ಬೇಸರವೂ ಇಲ್ಲದೆ. ನಾಳೆ ಹೇಳಿದರೂ ಆದೀತು ಎನ್ನುವ ಹಾಗೆ.

ಹಾಗೆ ಹತ್ತು ವರ್ಷ ಹೋಯಿತು. ಅರವತ್ತರ ದಶಕ ಮುಗಿಯುತ್ತಿದ್ದಾಗ ಒಂದು ದಿನ ಆರಡಿ ಸ್ನೇಹಿತ 'ಮೇಷ್ಟ್ರು ಹೋದರಂತೆ' ಎಂದು ಹೇಳಿ ಕಳಿಸಿದ. ಜನ ಇರುವಾಗ ಹೋಗಲು ನನಗೆ ಮುಖ ಇರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಹಿಂದಿನ ಖಾಲಿ ಸೈಟುಗಳಲ್ಲಿ ಮನೆಗಳೆದ್ದಿದ್ದವು. ತಾರಸಿಯ ಮೆಟ್ಟಿಲು ಹಾಗೇ ಇತ್ತು. ಅದರ ಮೇಲಿಂದ ನೋಡಿದರೆ ಇಟ್ಟಿಗೆ ಗೂಡಿನ ಹೊಗೆ ಈಗ ಕಾಣುತ್ತಿರಲಿಲ್ಲವೇನೋ.

ಅಮ್ಮನವರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ನಾನು ಕಲಿತುಕೊಂಡು ಹೋಗಿದ್ದ ನಾಲ್ಕು ಸಮಾಧಾನದ ಮಾತು ಹೇಳಿದೆ. ಅವರು ಕೇಳಿಸಿಕೊಂಡು, ಸೆರಗಿನ ತುದಿ ಸುತ್ತುತ್ತಾ ಹೇಳಿದರು: "ನಿನ್ನ ಒಂದು ಮಾತು ಕೇಳ್ಬೇಕಿತ್ತು ಕಣಪ್ಪ. ಹತ್ತು ವರ್ಷದಿಂದ ಕೇಳ್ಬೇಕು ಅಂತಿದ್ದೆ, ನೀನು ಈ ಕಡೆ ಬರ್ಲೇ ಇಲ್ಲ. ಅವತ್ತು ನೀನು ಬಿದ್ದಿದ್ದು ನನ್ನ ದಿಂಬಿನಿಂದಾನಾ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಹಿಂದಿನ ದಿನವಷ್ಟೇ ಹೊಸ ಹತ್ತಿ ತುಂಬಿದ್ದರು. ಹೊಸ ಬೂರುಗದ ಹತ್ತಿ ಮೊದಲು ಉಬ್ಬಿಕೊಂಡಿದ್ದು, ಕೂತಹಾಗೆ ಕೂತಹಾಗೆ ಇಳಿಯುತ್ತದೆ. ಮೇಲೆ ಹೋಗಿ ಬರುವಷ್ಟರಲ್ಲಿ ಅದು ನನ್ನ ಕೆಳಗೆ ಕುಗ್ಗಿಹೋಗಿ, ಅದರಿಂದಲೇ ನನಗೆ ನೆಲ ಕಾಣಲಿಲ್ಲ ಎಂದು ಅವರು ತಿಳಿದಿದ್ದರು. ಒಂದು ದಿನ ಅದರ ಮೇಲೆ ತಾವೇ ಕೂತು ಕುಗ್ಗಿಸಿ ಕಳಿಸಿದ್ದರೆ ಗಂಡನ ಕೆಲಸ ಉಳಿಯುತ್ತಿತ್ತು ಎಂದು ತಿಳಿದಿದ್ದರು. ಹತ್ತು ವರ್ಷ.

ದಿಂಬಿನದೇನೂ ತಪ್ಪಿಲ್ಲ ಅಮ್ಮ ಎಂದೆ. ಅದು ನಿಜವೇ. ಅಷ್ಟಕ್ಕೇ ನಿಲ್ಲಿಸಿ ಎದ್ದು ಬಂದುಬಿಡಬಹುದು ಎಂದು, ದೇವರಾಣೆಗೂ, ಆಗಲೂ ನನಗೆ ಅನಿಸಿತು.

"ಅವರೂ ಹಾಗೇ ಅಂತಿದ್ರು" ಎಂದರು ಅವರು. "ನನ್ನ ಸಮಾಧಾನಕ್ಕೆ ಅಂತಾರೆ ಅಂತ ನಾನು ನಂಬ್ತಿರ್ಲಿಲ್ಲ. ನೀನು ಸರಿಯಾಗಿ ಹೇಳಪ್ಪ. ಅದರ ಮೇಲೆ ಕೂತಿದ್ದೋನು ನೀನು."

"ನಾನು ಅದರ ಮೇಲೆ ಕೂತಿರ್ಲಿಲ್ಲ ಅಮ್ಮ" ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಫೋಟೋ, ಮೊಳೆ, ಬೆಂಚಿನ ಕೆಳಗೆ ಕಾಲಿನಿಂದ ತಳ್ಳಿದ್ದು, ತಗಡಿನ ಸೀಟನ್ನು ಮೇಷ್ಟ್ರು ನೋಡಿದ್ದು, ವಿಚಾರಣೆಯಲ್ಲಿ ನಾನಾಡಿದ ಇಂಗ್ಲಿಷ್ ವಾಕ್ಯ. ಇವನೂ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಾರು ಎಂದು ಹೆದರಿ, ಪರ್ಸಿನಲ್ಲಿ ನಾಲ್ಕಾಗಿ ಮಡಿಸಿಟ್ಟಿದ್ದ ಆ ಫೋಟೋ ತೆಗೆದು ಕೊಟ್ಟೆ. ಅದನ್ನು ಏಕೆ ಹರಿದುಹಾಕದೆ ಇಷ್ಟು ವರ್ಷ ಜೊತೆಗಿಟ್ಟುಕೊಂಡಿದ್ದೆ ಎಂದು ನನಗೂ ಗೊತ್ತಿಲ್ಲ. ಅವರು ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಹಣೆ ಮಾತ್ರ ಕಾಣ್ಸುತ್ತೆ" ಎಂದರು. ನಾನು ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆ.

ಫೋಟೋವನ್ನು ಹಿಂದಕ್ಕೆ ಕೊಟ್ಟು, ಕನ್ನಡಕ ತೆಗೆದು, ದನಿಯೇರಿಸದೆ ಹೇಳಿದರು: "ಹೇಳಿದ್ಯಲ್ಲ, ನನ್ನ ಮನಸ್ಸು ಹಗುರ ಆಯ್ತು. ಆದ್ರೆ ಕಾಯ್ತಾ ಇದ್ದೋರು ನಾನಲ್ಲ ಕಣಪ್ಪ."

ಕಾಫಿ ತರುತ್ತೇನೆ ಎಂದು ಒಳಗೆ ಹೋದರು. ನಾನು ಒಬ್ಬನೇ ಕೂತಿದ್ದೆ. ಹಿತ್ತಲ ಹಗ್ಗದ ಮೇಲೆ ಅವರ ಸೀರೆ ಒಣಗುತ್ತಿತ್ತು. ಗಾಳಿ ಯಾವ ಕಡೆಯದು ಎಂದು ನೋಡಿದೆ, ತಿಳಿಯಲಿಲ್ಲ. ಅವರು ಕಾಫಿ ತಂದರು. ಜೊತೆಗೆ ಒಂದು ತಟ್ಟೆಯಲ್ಲಿ ಹುರಿದ ಕಡಲೆಕಾಯಿ ಹಾಕಿ ಮುಂದಿಟ್ಟರು. ಮೈದಾನದ ಆ ಪದ್ಧತಿ ಅವರಿಗೆ ಗೊತ್ತಿತ್ತೋ ಇಲ್ಲವೋ. ಮನೆಯಲ್ಲಿ ಬೇರೇನೂ ಇರಲಿಲ್ಲವೇನೋ. ಕಾಫಿ ಕುಡಿದೆ. ಕಡಲೆಕಾಯಿಗೆ ಕೈಹಾಕಲು ಆಗಲಿಲ್ಲ.